ಕೈಂಡ್ ಪದದ ನೆಂಟರಿಷ್ಟರು

ಮೂವತ್ತು ವರ್ಷ ಇಂಗ್ಲಿಷ್ ಪಾಠ ಮಾಡಿದವನು ನಾನು. ಅಷ್ಟು ವರ್ಷದಲ್ಲಿ ಎಷ್ಟು ರಜಾ ಚೀಟಿ ಓದಿದ್ದೇನೋ ಲೆಕ್ಕ ಇಟ್ಟಿಲ್ಲ. ಎಲ್ಲದರಲ್ಲೂ ಒಂದೇ ಸಾಲು: 'ಕೈಂಡ್ಲಿ ಗ್ರಾಂಟ್ ಮಿ ಲೀವ್.' ಹೊಟ್ಟೆನೋವಿರಲಿ, ಅಕ್ಕನ ಮದುವೆ ಇರಲಿ, ಊರಹಬ್ಬ ಇರಲಿ, ಶುರುವಾಗುವುದು ಕೈಂಡ್ಲಿಯಿಂದಲೇ.

ಒಂದು ದಿನ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. "ಸರ್, ಕೈಂಡ್ ಅಂದ್ರೆ ದಯೆ ಇರೋರು ಅಲ್ವಾ? ಮತ್ತೆ 'ವಾಟ್ ಕೈಂಡ್ ಆಫ್ ಫ್ರೂಟ್' ಅಂತೀವಲ್ಲ, ಅದ್ಯಾಕೆ? ಹಣ್ಣಿಗೂ ದಯೆಗೂ ಏನ್ ಸಂಬಂಧ?" ನಾನು ತಡಮಾಡದೆ, "ಅವೆರಡೂ ಬೇರೆ ಬೇರೆ ಪದ ಕಣಮ್ಮ, ಸ್ಪೆಲ್ಲಿಂಗ್ ಮಾತ್ರ ಒಂದೇ" ಎಂದುಬಿಟ್ಟೆ. ಸಂಜೆ ಮನೆಗೆ ಹೋಗಿ ದೊಡ್ಡ ನಿಘಂಟು ತೆಗೆದು ನೋಡಿದರೆ ನಾನು ಹೇಳಿದ್ದು ಪೂರ್ತಿ ತಪ್ಪು. ಅವೆರಡೂ ಒಂದೇ ಪದ. ಮರುದಿನ ತರಗತಿಯಲ್ಲಿ ತಿದ್ದಿ ಹೇಳಿದೆ. ಆದರೆ ಆ ಹುಡುಗಿಯ ಪ್ರಶ್ನೆ ಅಂದಿನಿಂದ ನನ್ನ ಜೊತೆಗೇ ಇದೆ. ಇವತ್ತು ನಾನು ಹೇಳುವುದೆಲ್ಲ ಅವಳಿಗೆ ಕೊಡಬೇಕಿದ್ದ ಉತ್ತರವೇ.

ಸಾವಿರ ವರ್ಷ ಹಿಂದಿನ ಇಂಗ್ಲಿಷಿನಲ್ಲಿ ಈ ಪದವನ್ನು ಹೆಚ್ಚುಕಡಿಮೆ 'ಯೆಕ್ಯುಂಡ್' ಎನ್ನುತ್ತಿದ್ದರು. ಅದಕ್ಕೆ ಹುಟ್ಟುಗುಣ, ಸ್ವಭಾವ, ವಂಶ ಎಂಬ ಅರ್ಥಗಳಿದ್ದವು. ದಯೆ ಎಂಬ ಅರ್ಥ ಆಗ ಇರಲಿಲ್ಲ. ಅದರ ಒಡಹುಟ್ಟು 'ಕಿನ್', ಅಂದರೆ ರಕ್ತಸಂಬಂಧಿಕರು, ನಮ್ಮ ಮಾತಿನಲ್ಲಿ ಬಳಗ. ಅರಸನಿಗೆ ಹೇಳುವ 'ಕಿಂಗ್' ಕೂಡ ಇದೇ ಮನೆಯ ಪದ ಎಂದು ಬಲ್ಲವರು ಹೇಳುತ್ತಾರೆ. ಕುಲದವನು, ಕುಲದ ಹಿರಿಯ ಎಂಬ ಅರ್ಥದಿಂದ ಬಂದದ್ದು. ಜರ್ಮನ್ನಿನಲ್ಲಿ 'ಕಿಂಡ್' ಎಂದರೆ ಮಗು. ಕಿಂಡರ್‌ಗಾರ್ಟನ್ ಎನ್ನುವಾಗ ನಮ್ಮ ಬಾಯಲ್ಲೂ ಬರುವ ಕಿಂಡ್ ಅದೇ.

ಇನ್ನೂ ಹಿಂದಕ್ಕೆ ಹೋಗೋಣ. ಭಾಷೆಗಳ ಚರಿತ್ರೆ ಓದುವವರು ಇವಕ್ಕೆಲ್ಲ ಒಂದು ಬೇರು ಹುಡುಕಿದ್ದಾರೆ. ಅದರ ಅರ್ಥ 'ಹುಟ್ಟು', 'ಹೆರು'. ಆ ಬೇರಿನಿಂದ ಲ್ಯಾಟಿನ್ನಿನಲ್ಲಿ 'ಜೀನಸ್' ಬಂತು, ಗ್ರೀಕಿನಲ್ಲಿ 'ಗೆನೋಸ್' ಬಂತು. ಸಂಸ್ಕೃತದಲ್ಲಿ ಬಂದದ್ದು ಯಾವುದು ಗೊತ್ತಾ? ಜನ, ಜನನ, ಜನ್ಮ, ಜಾತಿ. ಕನ್ನಡದ ಬೇರೇ ಬೇರೆ, ನಿಜ. ಆದರೆ ಈ ಪದಗಳನ್ನು ನಾವು ಎಂದೋ ಮನೆಯೊಳಕ್ಕೆ ಕರೆದುಕೊಂಡಿದ್ದೇವೆ. ಅಂದರೆ ಇಂಗ್ಲಿಷಿನ ಕೈಂಡ್ ಮತ್ತು ನಾವು ದಿನವೂ ಆಡುವ ಜಾತಿ ದೂರದ ದಾಯಾದಿಗಳು.

ಹುಡುಗಿಯ ಹಣ್ಣಿನ ಪ್ರಶ್ನೆಗೆ ಇಲ್ಲಿ ಉತ್ತರ ಸಿಕ್ಕಿತು. ಮಾವಿನ ಮಂಡಿಗೆ ಹೋದರೆ ನಾವೂ ಹಾಗೇ ಕೇಳುತ್ತೇವೆ, "ಇದು ಯಾವ ಜಾತಿ ಮಾವು?" ಬಾದಾಮಿಯೋ, ರಸಪುರಿಯೋ, ಮಲ್ಲಿಕಾನೋ. ಅವರು 'ವಾಟ್ ಕೈಂಡ್' ಎನ್ನುವುದಕ್ಕೂ ನಾವು 'ಯಾವ ಜಾತಿ' ಎನ್ನುವುದಕ್ಕೂ ವ್ಯತ್ಯಾಸವೇ ಇಲ್ಲ.

ಹಾಗಾದರೆ ದಯೆ ಎಲ್ಲಿಂದ ಬಂತು? ಇಲ್ಲಿ ಸ್ವಲ್ಪ ನಿಧಾನವಾಗಿ ನೋಡಬೇಕು. ಕೈಂಡ್ ಎಂದರೆ ಹುಟ್ಟಿಗೆ ತಕ್ಕಂತೆ ಇರುವುದು. ತಾಯಿ ಮಗುವಿಗೆ ಹಾಲೂಡುವುದು ಕೈಂಡ್. ಮಗ ಮುದಿ ತಂದೆಯನ್ನು ನೋಡಿಕೊಳ್ಳುವುದು ಕೈಂಡ್. ಒಳ್ಳೆಯತನ ಎಂದು ಅದನ್ನು ಯಾರೂ ಹೊಗಳುತ್ತಿರಲಿಲ್ಲ. ಅದು ಸಹಜ, ಅಷ್ಟೇ. ತನ್ನವರ ಜೊತೆ ತನ್ನವನ ಹಾಗೆ ನಡೆದುಕೊಳ್ಳುವುದು. 1300ರ ಆಸುಪಾಸಿನಿಂದ ಆ ನಡತೆಯ ಅರ್ಥವೇ ಮುಂದಕ್ಕೆ ಬರುತ್ತಾ ಹೋಯಿತು, ಹುಟ್ಟಿನ ಅರ್ಥ ಹಿಂದೆ ಸರಿಯಿತು. ಬಳಗದವರಿಗೆ ಮಾತ್ರ ಸಲ್ಲುತ್ತಿದ್ದ ನಡತೆಯನ್ನು ಹೊರಗಿನವರಿಗೆ ತೋರಿಸಿದರೂ ಅದೇ ಪದ ಬಳಸತೊಡಗಿದರು.

ಹಳೆಯ ಅರ್ಥ ಒಂದೇ ಏಟಿಗೆ ಸಾಯಲಿಲ್ಲ. ಇಂಗ್ಲೆಂಡಿನ ಚರ್ಚುಗಳ 1662ರ ಪ್ರಾರ್ಥನಾ ಪುಸ್ತಕದಲ್ಲಿ 'ಭೂಮಿಯ ಕೈಂಡ್ಲಿ ಫಲಗಳನ್ನು ನಮಗಾಗಿ ಕಾಪಾಡು' ಎಂಬ ಬೇಡಿಕೆ ಇದೆ. ಫಲಗಳಿಗೆ ದಯೆ ಇದೆ ಎಂದಲ್ಲ. ಆಯಾ ಮಣ್ಣಿಗೆ, ಆಯಾ ಕಾಲಕ್ಕೆ ಸಹಜವಾಗಿ ಬರುವ ಬೆಳೆ ಎಂದು. ನಮ್ಮ ರೈತರು 'ಈ ಮಣ್ಣಿಗೆ ಒಗ್ಗಿದ ಬೆಳೆ' ಎನ್ನುತ್ತಾರಲ್ಲ, ಅದು.

ಎರಡೂ ಅರ್ಥಗಳು ಒಟ್ಟಿಗೆ ಬದುಕಿದ್ದ ಕಾಲದಲ್ಲಿ ಶೇಕ್ಸ್‌ಪಿಯರ್ ಬರೆಯುತ್ತಿದ್ದ. ಹ್ಯಾಮ್ಲೆಟ್ ನಾಟಕದಲ್ಲಿ ರಾಜಕುಮಾರನ ಮೊಟ್ಟಮೊದಲ ಮಾತು ಯಾವುದು ನೆನಪಿದೆಯಾ? ಅಪ್ಪ ಸತ್ತಿದ್ದಾನೆ. ಚಿಕ್ಕಪ್ಪ ಅತ್ತಿಗೆಯನ್ನೇ ಮದುವೆಯಾಗಿ ಸಿಂಹಾಸನದ ಮೇಲೆ ಕೂತಿದ್ದಾನೆ. ತುಂಬಿದ ಸಭೆಯಲ್ಲಿ ಹ್ಯಾಮ್ಲೆಟ್‌ನನ್ನು ಮಗನೇ ಎಂದು ಕರೆಯುತ್ತಾನೆ. ಆಗ ಹುಡುಗ ತನ್ನಷ್ಟಕ್ಕೆ ಗೊಣಗುತ್ತಾನೆ, 'ಎ ಲಿಟ್ಲ್ ಮೋರ್ ದ್ಯಾನ್ ಕಿನ್, ಆಂಡ್ ಲೆಸ್ ದ್ಯಾನ್ ಕೈಂಡ್.' ನೆಂಟಸ್ತಿಕೆ ಒಂದು ಪಟ್ಟು ಜಾಸ್ತಿಯಾಯಿತು, ಚಿಕ್ಕಪ್ಪನೇ ಅಪ್ಪನೂ ಆದ. ಆದರೆ ಕೈಂಡ್ ಕಡಿಮೆಯಾಯಿತು. ದಯೆ ಇಲ್ಲ ಎಂದೂ ಆಯಿತು, ಇದು ಹುಟ್ಟಿಗೆ ತಕ್ಕ ನಡತೆ ಅಲ್ಲ ಎಂದೂ ಆಯಿತು. ಈ ಸಾಲನ್ನು ನಾನು ಎಷ್ಟೋ ವರ್ಷ 'ಇದು ಶ್ಲೇಷೆ' ಎಂದು ಹೇಳಿ ಮುಂದಕ್ಕೆ ಹೋಗುತ್ತಿದ್ದೆ. ಈಗ ಅನ್ನಿಸುತ್ತದೆ, ಅವನು ಆಡಿದ್ದು ಬರೀ ಶ್ಲೇಷೆಯಲ್ಲ. ಬೇರೆಬೇರೆಯಾಗಿ ನಡೆಯಲು ಶುರುಮಾಡಿದ್ದ ಅಣ್ಣತಮ್ಮಂದಿರ ಹಾಗಿದ್ದ ಎರಡು ಪದಗಳನ್ನು ಅವನು ಮತ್ತೆ ಎದುರುಬದುರು ನಿಲ್ಲಿಸಿದ.

ಲಿಯರ್ ರಾಜನ ನಾಟಕದಲ್ಲಿ ನನಗೆ ಇದಕ್ಕಿಂತ ಇಷ್ಟವಾದ ಜಾಗ ಒಂದಿದೆ. ಹೆಣ್ಣುಮಕ್ಕಳು ಮುದುಕನನ್ನು ಮನೆಯಿಂದ ಆಚೆಗೆ ಹಾಕಿದ್ದಾರೆ. ರಾತ್ರಿ, ಗುಡುಗು, ಮಳೆ. ಬಯಲಲ್ಲಿ ನಿಂತು ಅವನು ಗಾಳಿಮಳೆಗೆ ಹೇಳುತ್ತಾನೆ: ನಿಮ್ಮನ್ನು ಅನ್‌ಕೈಂಡ್ ಎಂದು ನಾನು ದೂರುವುದಿಲ್ಲ. ನಾನು ನಿಮಗೆ ರಾಜ್ಯ ಕೊಟ್ಟವನಲ್ಲ. ನಿಮ್ಮನ್ನು ಮಕ್ಕಳೇ ಎಂದು ಕರೆದವನಲ್ಲ. ನೋಡಿ, ಮಳೆ ಎಷ್ಟು ಹೊಡೆದರೂ ಅದು ಅನ್‌ಕೈಂಡ್ ಆಗುವುದಿಲ್ಲ. ಹೊಟ್ಟೆಯಲ್ಲಿ ಹುಟ್ಟಿದವರು ಮಾತ್ರ ಹಾಗೆ ಆಗಬಲ್ಲರು. ಪದದ ಹಳೆಯ ಬೇರು ಗೊತ್ತಿದ್ದರೆ ಈ ಸಾಲು ಎದೆಗೆ ನಾಟುವ ರೀತಿಯೇ ಬೇರೆ.

ಈಗ ನನ್ನನ್ನು ತುಂಬಾ ಕಾಡಿದ ಮಾತಿಗೆ ಬರುತ್ತೇನೆ. ಒಂದೇ ಬೇರಿನ ಎರಡು ಪದಗಳು. ಒಂದು ಕಡೆ ಕೈಂಡ್ ಹುಟ್ಟನ್ನು ಬಿಟ್ಟುಕೊಟ್ಟು ದಯೆಯಾಯಿತು. ನಮ್ಮ ಕಡೆ ಜಾತಿ ಹುಟ್ಟನ್ನೇ ಗಟ್ಟಿಯಾಗಿ ಹಿಡಿದುಕೊಂಡು ಗೋಡೆಯಾಯಿತು. ಆದರೆ ಆ ಗೋಡೆಯಲ್ಲೂ ಬಹಳ ಹಿಂದೆಯೇ ಕಿಟಕಿ ತೆರೆದವರಿದ್ದಾರೆ. 'ಮನುಷ್ಯಜಾತಿ ತಾನೊಂದೆ ವಲಂ' ಎಂದ ಪಂಪ. 10ನೆಯ ಶತಮಾನದ ಮಾತದು. ಇದನ್ನು ಇಂಗ್ಲಿಷಿಗೆ ಹಾಕಬೇಕಾದರೆ ಮನುಷ್ಯಜಾತಿಗೆ ಏನೆನ್ನುತ್ತೀರಿ? ಮ್ಯಾನ್‌ಕೈಂಡ್. ಅಕ್ಷರಕ್ಕೆ ಅಕ್ಷರ ಕೂಡುತ್ತದೆ, ಬೇರಿಗೆ ಬೇರು ಕೂಡುತ್ತದೆ. ತರಗತಿಯಲ್ಲಿ ಕಪ್ಪು ಹಲಗೆಯ ಮೇಲೆ ಆ ಎರಡು ಪದಗಳನ್ನು ಒಂದರ ಕೆಳಗೆ ಒಂದು ಬರೆದ ದಿನ ಮಕ್ಕಳು ಸುಮ್ಮನೆ ನೋಡುತ್ತಾ ಕೂತಿದ್ದರು. ನನಗೂ ಮುಂದಕ್ಕೆ ಮಾತು ಬರಲಿಲ್ಲ.

ಇಂಗ್ಲಿಷಿನವರಿಗೆ ಗೋಡೆ ಇರಲಿಲ್ಲ ಎಂದು ತಿಳಿಯಬೇಡಿ. 'ಜೆಂಟಲ್' ಪದ ನೋಡಿ. ಇವತ್ತು ಅದು ಮೃದು, ಸೌಮ್ಯ. ಡಾಕ್ಟರು ಇಂಜೆಕ್ಷನ್ ಕೊಡುವಾಗ ನಾವು ಬಯಸುವ ಗುಣ. ಅದರ ಮೂಲ ಲ್ಯಾಟಿನ್ನಿನ 'ಜೆಂಟಿಲಿಸ್', ಒಂದೇ ಕುಲದವನು ಎಂದರ್ಥ. ಫ್ರೆಂಚಿಗೆ ಬಂದಾಗ ಅದು ಒಳ್ಳೆಯ ಕುಲದವನು ಎಂದಾಯಿತು. ಜೆಂಟಲ್‌ಮ್ಯಾನ್ ಎಂದರೆ ಮೊದಲಿಗೆ ಸಭ್ಯ ಮನುಷ್ಯ ಅಲ್ಲ, ದೊಡ್ಡ ಮನೆತನದ ಮನುಷ್ಯ. 'ಜೆನೆರಸ್' ಕೂಡ ಹಾಗೇ. ಧಾರಾಳಿ ಎನ್ನುವುದಕ್ಕೆ ಮುಂಚೆ ಅದಕ್ಕೆ ಕುಲವಂತ ಎಂಬ ಅರ್ಥ. 'ಬಿನೈನ್' ಎಂದರೆ ಚೆನ್ನಾಗಿ ಹುಟ್ಟಿದವನು. ಗಡ್ಡೆ ಬಿನೈನ್, ಅಂದರೆ ಕ್ಯಾನ್ಸರ್ ಅಲ್ಲ, ಎಂದು ಲ್ಯಾಬಿನವರು ರಿಪೋರ್ಟ್ ಕೊಟ್ಟಾಗ ನಾವು ಕೈಮುಗಿಯುತ್ತೇವಲ್ಲ, ಆ ಪದ. ಕೈಂಡ್, ಜೆಂಟಲ್, ಜೆನೆರಸ್, ಬಿನೈನ್ ನಾಲ್ಕೂ ಹುಟ್ಟು ಎಂಬ ಆ ಒಂದೇ ಬೇರಿನ ಕೊಂಬೆಗಳು. ಒಳ್ಳೆಯತನಕ್ಕೆ ಪದ ಬೇಕಾದಾಗಲೆಲ್ಲ ಜನ ಹುಟ್ಟಿನ ಮನೆಯಿಂದಲೇ ಕಡ ತಂದರು.

ಆಮೇಲೆ ಹುಟ್ಟನ್ನೂ ಗುಣವನ್ನೂ ಬೇರೆ ಮಾಡಲು ಜನ ಹೆಣಗಬೇಕಾಯಿತು. 14ನೆಯ ಶತಮಾನದ ಕೊನೆಯಲ್ಲಿ ಚಾಸರ್ ಬರೆದ ಕ್ಯಾಂಟರ್ಬರಿ ಕಥೆಗಳಲ್ಲಿ ಇದೇ ಜಗಳ ಬರುತ್ತದೆ. ಒಬ್ಬ ಸರದಾರ ಕೊಟ್ಟ ಮಾತಿಗೆ ಕಟ್ಟುಬಿದ್ದು ಒಬ್ಬ ಮುದುಕಿಯನ್ನು ಮದುವೆಯಾಗಬೇಕಾಗುತ್ತದೆ. ರಾತ್ರಿ ಮಗ್ಗುಲು ಬದಲಿಸುತ್ತಾ ನರಳುತ್ತಾನೆ. ನೀನು ಮುದುಕಿ, ಕುರೂಪಿ, ಮೇಲಾಗಿ ಕೀಳು ಕುಲದವಳು ಎನ್ನುತ್ತಾನೆ. ಆಗ ಅವಳು ಹಾಸಿಗೆಯ ಮೇಲೆಯೇ ಅವನಿಗೆ ನೂರು ಸಾಲಿನಷ್ಟು ಪಾಠ ಹೇಳುತ್ತಾಳೆ. ಅದರ ತಿರುಳು ಇಷ್ಟು: ಜೆಂಟಲ್ ಕೆಲಸ ಮಾಡುವವನೇ ಜೆಂಟಲ್. ಅಜ್ಜ ಮಾಡಿದ ಒಳ್ಳೆಯ ಕೆಲಸ ಮೊಮ್ಮಗನಿಗೆ ಆಸ್ತಿಯ ಹಾಗೆ ಬರುವುದಿಲ್ಲ. ಈ ಮಾತು ನಮಗೆ ಹೊಸದಲ್ಲ. ಕುಲದ ನೆಲೆ ಏನೆಂದು ಕೇಳಿದ ಕನಕದಾಸರ ನಾಡಿನವರು ನಾವು. ಆದರೆ ಅದನ್ನು ಒಬ್ಬ ಮುದುಕಿಯ ಬಾಯಲ್ಲಿ, ಅವಳನ್ನು ಅವಮಾನ ಮಾಡಿದ ಗಂಡನ ಎದುರಿಗೇ ಹೇಳಿಸಿದ್ದಾನಲ್ಲ, ಅದಕ್ಕಾಗಿ ಚಾಸರ್ ನನಗೆ ಹತ್ತಿರದವನು.

ಸ್ವಲ್ಪ ದಾರಿ ಬಿಟ್ಟು 'ನೈಸ್' ಕಡೆಗೆ ಹೋಗಿಬರೋಣ. ಇದರ ಕಥೆ ಹೇಳದೆ ಇರುವುದಕ್ಕೆ ನನಗಾಗುವುದಿಲ್ಲ. ಲ್ಯಾಟಿನ್ನಿನಲ್ಲಿ 'ನೆಸ್ಕಿಯುಸ್' ಎಂದರೆ ತಿಳಿಯದವನು. ಸೈನ್ಸ್ ಪದದಲ್ಲಿ ಇರುವ 'ತಿಳಿ' ಎಂಬ ಭಾಗಕ್ಕೆ ಮುಂದೆ ಒಂದು 'ಅಲ್ಲ' ಸೇರಿಸಿದ್ದು. ಸುಮಾರು 1300ರಲ್ಲಿ ಇಂಗ್ಲಿಷಿಗೆ ಬಂದಾಗ ನೈಸ್ ಎಂದರೆ ದಡ್ಡ. ಆಮೇಲೆ ಅಂಜುಬುರುಕ. ಆಮೇಲೆ ಎಲ್ಲದಕ್ಕೂ ಕೊಸರಾಡುವವನು. ಆಮೇಲೆ ನಾಜೂಕು. ಆಮೇಲೆ ಸೂಕ್ಷ್ಮ. 18ನೆಯ ಶತಮಾನದ ಹೊತ್ತಿಗೆ ಹಿತವಾದದ್ದು, 19ನೆಯ ಶತಮಾನದಲ್ಲಿ ಒಳ್ಳೆಯ ಸ್ವಭಾವದವರು.

ನಮ್ಮಲ್ಲಿಗೆ ಬಂದ ಮೇಲೂ ಅದು ಸುಮ್ಮನೆ ಕೂರಲಿಲ್ಲ. "ದೋಸೆ ಹಿಟ್ಟು ನೈಸಾಗಿ ರುಬ್ಬಬೇಕು" ಎನ್ನುತ್ತೇವೆ, ನುಣ್ಣಗೆ ಎಂದು. "ನೈಸಾಗಿ ಜಾರಿಕೊಂಡ" ಎನ್ನುತ್ತೇವೆ, ಯಾರಿಗೂ ಗೊತ್ತಾಗದ ಹಾಗೆ ಎಂದು. "ಅವನಿಗೆ ನೈಸ್ ಮಾಡಿ ಕೆಲಸ ಮಾಡಿಸಿಕೊಂಡ" ಎಂದರೆ ಬೆಣ್ಣೆ ಹಚ್ಚಿದ ಎಂದು. ಈ ಮೂರು ಅರ್ಥ ಇಂಗ್ಲೆಂಡಿನವರಿಗೆ ಗೊತ್ತೇ ಇಲ್ಲ. ಇವು ನಮ್ಮ ಅಡುಗೆಮನೆಯಲ್ಲಿ, ನಮ್ಮ ಬೀದಿಯಲ್ಲಿ ಹುಟ್ಟಿದವು. ಯಾರಾದರೂ ಇವನ್ನು ಕನ್ನಡ ನಿಘಂಟಿಗೆ ಮರೆಯದೆ ಸೇರಿಸಬೇಕು.

ದಡ್ಡನಿಂದ ಒಳ್ಳೆಯವನ ತನಕ ನೈಸ್ ಹತ್ತಿದ ಮೆಟ್ಟಿಲನ್ನು ಇನ್ನೊಂದು ಪದ ಇಳಿಯಿತು. ಅದೇ 'ಸಿಲ್ಲಿ'. ಹಳೆಯ ಇಂಗ್ಲಿಷಿನಲ್ಲಿ ಅದಕ್ಕೆ ಸುಖಿ, ದೇವರ ಅನುಗ್ರಹ ಪಡೆದವನು ಎಂಬ ಅರ್ಥ. ಜರ್ಮನ್ನಿನಲ್ಲಿ ಅದರ ಬಂಧು 'ಸೆಲಿಶ್' ಇವತ್ತಿಗೂ ಪುಣ್ಯವಂತ ಎಂಬ ಅರ್ಥದಲ್ಲೇ ಇದೆ. ಇಂಗ್ಲಿಷಿನಲ್ಲಿ ಪುಣ್ಯವಂತ ಹೋಗಿ ಏನೂ ಅರಿಯದವನಾದ, ಏನೂ ಅರಿಯದವನು ಅಯ್ಯೋ ಪಾಪದವನಾದ, ಅವನು ಕೈಲಾಗದವನಾದ, ಕೊನೆಗೆ ಪೆದ್ದನಾದ.

ಒಳ್ಳೆಯತನಕ್ಕೂ ಪೆದ್ದುತನಕ್ಕೂ ನಡುವೆ ಈ ಓಡಾಟ ಅಲ್ಲಿ ಮಾತ್ರ ಅಂದುಕೊಳ್ಳಬೇಡಿ. ಸಂಸ್ಕೃತದಲ್ಲಿ 'ಮುಹ್' ಎಂಬ ಧಾತುವಿದೆ. ದಿಕ್ಕು ತಪ್ಪು, ಮಂಕಾಗು ಎಂದು. ಅದರಿಂದ ಎರಡು ಪದ ಹುಟ್ಟಿದವು, ಮೂಢ ಮತ್ತು ಮುಗ್ಧ. ಅವಳಿಜವಳಿ. ಒಂದನ್ನು ಬೈಗುಳಕ್ಕೆ ಇಟ್ಟುಕೊಂಡೆವು, ಇನ್ನೊಂದನ್ನು ಮಗುವಿನ ನಗುವಿಗೆ ಇಟ್ಟುಕೊಂಡೆವು. ಪಾಪ ಎಂಬ ಪದವನ್ನೇ ನೋಡಿ. ಪಾಪ ಮಾಡಿದವನು ನರಕಕ್ಕೆ ಹೋಗುತ್ತಾನೆ. ಆದರೆ "ಪಾಪ, ಅವನು ಊಟಾನೂ ಮಾಡಿಲ್ಲ" ಎಂದಾಗ ನಮ್ಮ ಕರುಳು ಚುರುಕ್ ಎನ್ನುತ್ತದೆ. "ಪಾಪದವನು" ಎಂದರೆ ಯಾರ ತಂಟೆಗೂ ಹೋಗದವನು. ಅದೇ ಪದ, ಒಂದರಲ್ಲಿ ದೂರ ತಳ್ಳುತ್ತೇವೆ, ಇನ್ನೊಂದರಲ್ಲಿ ಹತ್ತಿರ ಎಳೆದುಕೊಳ್ಳುತ್ತೇವೆ.

ಇನ್ನು ದುಡ್ಡು ಹೊಕ್ಕ ಪದಗಳು. 'ಮರ್ಸಿ' ಎಂದರೆ ಕರುಣೆ, ಕ್ಷಮೆ. ಮೂಲದಲ್ಲಿ ಅದು ಲ್ಯಾಟಿನ್ನಿನ ಕೂಲಿ, ಸಂಬಳ, ಬೆಲೆ. ಮರ್ಚೆಂಟ್, ಮಾರ್ಕೆಟ್ ಎಲ್ಲ ಅದರ ನೆಂಟರು. ಕೂಲಿ ಹೇಗೆ ಕರುಣೆಯಾಯಿತು? ತಿರುಗಿ ಕೊಡಲಾರದವನಿಗೆ ನೀನು ಕೊಟ್ಟರೆ ಅದರ ಕೂಲಿ ದೇವರು ಕೊಡುತ್ತಾನೆ ಎಂದು ಕ್ರೈಸ್ತ ಗುರುಗಳು ಬೋಧಿಸಿದರು. ಆ ಕೂಲಿಯ ಹೆಸರೇ ಕೊಟ್ಟ ಕೆಲಸಕ್ಕೂ ಅಂಟಿತು. ಫ್ರೆಂಚರ ಬಾಯಲ್ಲಿ ಅದೇ ಪದ ಥ್ಯಾಂಕ್ಸ್ ಆಗಿದೆ.

'ಚಾರಿಟಿ'ಯ ಮೂಲ ಇನ್ನೂ ಚೆಂದ. 'ಕಾರುಸ್' ಎಂದರೆ ಪ್ರೀತಿಯ, ಅಕ್ಕರೆಯ. ಬೆಲೆ ಜಾಸ್ತಿ ಇರುವ ಎಂದೂ ಅರ್ಥವಿತ್ತು. ನಮ್ಮ ಮನೆಗಳಲ್ಲಿ ಮಗುವನ್ನು 'ನನ್ನ ಚಿನ್ನ' ಎನ್ನುವ ಹಾಗೆ. ಚಾರಿಟಿ ಎಂದರೆ ಮೊದಲು ಪ್ರೀತಿಯೇ. ಬೈಬಲ್ಲಿನಲ್ಲಿ ಪೌಲ ಕೊರಿಂಥದವರಿಗೆ ಬರೆದ ಪತ್ರದಲ್ಲಿ ಪ್ರೀತಿಯ ಬಗ್ಗೆ ಒಂದು ಅಧ್ಯಾಯವಿದೆ. 1526ರಲ್ಲಿ ಟಿಂಡೇಲ್ ಅದನ್ನು ಅನುವಾದಿಸುವಾಗ 'ಲವ್' ಎಂದು ಬರೆದ. ಕ್ಯಾಥೊಲಿಕ್ ವಿದ್ವಾಂಸ ಥಾಮಸ್ ಮೋರ್ ಕೆಂಡವಾದರು, ಅಲ್ಲಿ ಚಾರಿಟಿ ಎಂದೇ ಇರಬೇಕು ಎಂದರು. 1611ರ ರಾಜ ಜೇಮ್ಸ್ ಬೈಬಲ್ಲಿನಲ್ಲಿ ಚಾರಿಟಿ ವಾಪಸು ಬಂತು. 1881ರ ಪರಿಷ್ಕೃತ ಬೈಬಲ್ಲಿನಲ್ಲಿ ಮತ್ತೆ ಲವ್ ಆಯಿತು. ಯಾಕೆಂದರೆ ಅಷ್ಟರಲ್ಲಿ ಚಾರಿಟಿಯಿಂದ ಪ್ರೀತಿ ಸೋರಿಹೋಗಿತ್ತು. ಬಡವರಿಗೆ ಕೊಡುವ ದುಡ್ಡು ಮಾತ್ರ ಉಳಿದಿತ್ತು. 'ಚಾರಿಟಿಯಷ್ಟು ತಣ್ಣಗೆ' ಎಂಬ ಗಾದೆಯೇ ಇಂಗ್ಲಿಷಿನಲ್ಲಿ ಹುಟ್ಟಿಕೊಂಡಿತು. ಎದೆಯ ಬೆಚ್ಚಗಿನಿಂದ ಹೊರಟ ಪದ ಮುಟ್ಟಿದರೆ ತಣ್ಣಗಾಗುವಷ್ಟು ದೂರ ಬಂದಿತ್ತು.

ನಮ್ಮ ಧರ್ಮ ಎಂಬ ಪದಕ್ಕೂ ಹೀಗೊಂದು ಇಳಿಜಾರು ಇದೆ. ಧರ್ಮಛತ್ರ, ಧರ್ಮಾಸ್ಪತ್ರೆ ಎಂದಾಗ ದೊಡ್ಡ ಮನಸ್ಸು ಕಾಣುತ್ತದೆ. "ಧರ್ಮಕ್ಕೆ ಸಿಕ್ಕಿದ್ದು" ಎಂದಾಗ ಅದು ಪುಕ್ಕಟೆ ಮಾಲು. ಜೇಬುಗಳ್ಳನಿಗೆ ಬೀಳುವುದು "ಧರ್ಮದೇಟು". ಎಂಥಾ ಪದ ಎಲ್ಲಿಗೆ ಬಂತು ನೋಡಿ.

'ಪಿಟನ್ಸ್' ಎಂಬ ಪದ ನಿಮಗೆ ಗೊತ್ತು. ಕೈಗೆ ಹತ್ತದಷ್ಟು ಜುಜುಬಿ ಸಂಬಳ. ಅದು 'ಪಿಟಿ'ಯ, ಅಂದರೆ ಮರುಕದ, ಮಗಳು. ಮಠದ ಸನ್ಯಾಸಿಗಳಿಗೆ ದಿನದ ಊಟ ಗೊತ್ತುಮಾಡಿದ್ದು. ಅದರ ಮೇಲೆ ಯಾರಾದರೂ ಭಕ್ತರು ದುಡ್ಡು ಬಿಟ್ಟುಹೋಗಿದ್ದರೆ ಅಂದು ಒಂದು ತುತ್ತು ಹೆಚ್ಚಿಗೆ ಬಡಿಸುತ್ತಿದ್ದರು. ಒಂದಿಷ್ಟು ಮೀನೋ, ಮೊಟ್ಟೆಯೋ. ಆ ಹೆಚ್ಚಿನ ತುತ್ತಿನ ಹೆಸರು ಪಿಟನ್ಸ್. ಇದಕ್ಕೆ ಕನ್ನಡದಲ್ಲಿ ಎಂಥ ಒಳ್ಳೆಯ ಪದವಿದೆ: ಕೊಸರು. ನಮ್ಮ ಮನೆಯ ಹತ್ತಿರ ಹೂ ಮಾರುವ ಅಜ್ಜಿ ಮೊಣಕೈಯಿಂದ ಬೆರಳ ತುದಿಗೆ ಮೊಳ ಹಾಕುತ್ತಾರೆ. ದಾರ ಹರಿಯುವ ಮುಂಚೆ ಕೈ ಒಂದು ಕ್ಷಣ ನಿಲ್ಲುತ್ತದೆ. ಮತ್ತೆ ನಾಲ್ಕು ಬೆರಳು ಮುಂದಕ್ಕೆ ಹೋಗುತ್ತದೆ. ಆಮೇಲೆ ಹರಿಯುತ್ತಾರೆ. ಆ ನಾಲ್ಕು ಬೆರಳ ಮಲ್ಲಿಗೆ ಕೊಸರು. ಅದಕ್ಕೆ ದುಡ್ಡಿಲ್ಲ. ಇಂಗ್ಲಿಷಿನಲ್ಲಿ ಈ ಕೊಸರಿನ ಹೆಸರು ಸಾಕಾಗದ ಕೂಲಿಯ ಹೆಸರಾಗಿಹೋಯಿತು. ನಮ್ಮ ಕೊಸರು ಇನ್ನೂ ಕೆಟ್ಟಿಲ್ಲ. ಪ್ಯಾಕೆಟ್ಟಿನಲ್ಲಿ ಬರುವ ಸಾಮಾನಿಗೆ ಕೊಸರಿಲ್ಲವಾದ್ದರಿಂದ ಮಕ್ಕಳಿಗೆ ಪದವೇ ಗೊತ್ತಿಲ್ಲದ ಹಾಗೆ ಆಗುತ್ತಿದೆ. ದಯವಿಟ್ಟು ಅವರ ಎದುರಿಗೆ ಈ ಪದ ಬಳಸಿ.

ಎಲ್ಲಕ್ಕಿಂತ ಹೆಚ್ಚು ಏಟು ತಿಂದದ್ದು 'ಬೆನೆವಲೆನ್ಸ್'. ಒಳ್ಳೆಯದನ್ನು ಬಯಸುವುದು ಎಂದು ಅದರ ಅರ್ಥ. ಇಂಗ್ಲೆಂಡಿನ ನಾಲ್ಕನೇ ಎಡ್ವರ್ಡ್ ರಾಜನಿಗೆ ಫ್ರಾನ್ಸಿನ ಮೇಲೆ ಯುದ್ಧಕ್ಕೆ ಹೋಗಲು ದುಡ್ಡು ಬೇಕಿತ್ತು. ತೆರಿಗೆ ಹಾಕಲು ಪಾರ್ಲಿಮೆಂಟನ್ನು ಕೇಳಬೇಕು. ಅದರ ಬದಲು 1474ರ ಸುಮಾರಿಗೆ ಅನುಕೂಲಸ್ಥರನ್ನು ಕರೆಸಿ, ನಿಮ್ಮ ಒಳ್ಳೆಯ ಮನಸ್ಸಿನಿಂದ ಏನಾದರೂ ಕೊಡಿ ಎಂದ. ರಾಜನೇ ಎದುರಿಗೆ ಕೂತು ಕೇಳಿದರೆ ಇಲ್ಲ ಎನ್ನುವವರು ಯಾರು? ಆ ವಸೂಲಿಯ ಹೆಸರೇ ಬೆನೆವಲೆನ್ಸ್. ಜನ ರೋಸಿಹೋದರು. 1484ರಲ್ಲಿ ಮೂರನೇ ರಿಚರ್ಡನ ಪಾರ್ಲಿಮೆಂಟು ಅದನ್ನು ಕಾನೂನು ಮಾಡಿ ರದ್ದು ಮಾಡಿತು. ಏಳನೇ ಹೆನ್ರಿ ಮತ್ತೆ ತಂದ. ಅವನ ಮಂತ್ರಿ ಮಾರ್ಟನ್ ಹೆಸರಿನಲ್ಲಿ ಒಂದು ವಾದ ಉಳಿದುಬಂದಿದೆ: ಚೆನ್ನಾಗಿ ಖರ್ಚು ಮಾಡುವವನ ಹತ್ತಿರ ದುಡ್ಡಿದೆ, ಕೊಡಲಿ. ಕೈ ಬಿಗಿ ಹಿಡಿದವನು ಉಳಿಸಿಟ್ಟಿದ್ದಾನೆ, ಅವನೂ ಕೊಡಲಿ. 1628ರಲ್ಲಿ ಪಾರ್ಲಿಮೆಂಟು ರಾಜನ ಮುಂದೆ ಇಟ್ಟ ಹಕ್ಕಿನ ಮನವಿಯಲ್ಲಿ, ತನ್ನ ಒಪ್ಪಿಗೆಯಿಲ್ಲದೆ ಉಡುಗೊರೆ, ಸಾಲ, ಬೆನೆವಲೆನ್ಸ್, ತೆರಿಗೆ ಯಾವುದನ್ನೂ ಯಾರ ಹತ್ತಿರವೂ ಕೀಳಬಾರದು ಎಂದು ಬರೆದರು. ಒಳ್ಳೆಯ ಮನಸ್ಸು ತೆರಿಗೆಯ ಪಕ್ಕದಲ್ಲಿ ಕೂತಿದೆ.

ಇದನ್ನು ಓದಿದಾಗ ನನ್ನ ಕಪಾಟಿನಲ್ಲಿ ಇನ್ನೂ ಇರುವ ಒಂದು ರಸೀದಿ ನೆನಪಾಯಿತು. ಮಗನನ್ನು ಶಾಲೆಗೆ ಸೇರಿಸುವಾಗ ಕೊಟ್ಟದ್ದು. ಆಗಿನ ನನ್ನ ಎರಡು ತಿಂಗಳ ಸಂಬಳ. ರಸೀದಿಯ ಮೇಲೆ ನೀಲಿ ಇಂಕಿನಲ್ಲಿ 'ಸ್ವಇಚ್ಛೆಯಿಂದ ನೀಡಿದ ದೇಣಿಗೆ' ಎಂದಿದೆ, ಕೆಳಗೆ ನನ್ನ ಸಹಿ. ಡೊನೇಷನ್ ಮತ್ತು ದಾನ ಒಂದೇ ಬೇರಿನ ಪದಗಳು. ನಮ್ಮ ರಾಜ್ಯದಲ್ಲಿ ಡೊನೇಷನ್ ಎಂದರೆ ಏನು ಎಂದು ಮಕ್ಕಳಿರುವ ಯಾರನ್ನು ಬೇಕಾದರೂ ಕೇಳಿ. ಈ ವಂತಿಗೆ ವಸೂಲಿಯನ್ನು ತಡೆಯಲು ಕರ್ನಾಟಕ ಕ್ಯಾಪಿಟೇಷನ್ ಶುಲ್ಕ ನಿಷೇಧ ಕಾಯ್ದೆ ಮಾಡಿತು. ಯಾವ ವರ್ಷ ಗೊತ್ತಾ? 1984. ರಿಚರ್ಡನ ಕಾನೂನಿಗೆ ಸರಿಯಾಗಿ ಐನೂರು ವರ್ಷ.

ಪಿಟಿಯ ಬಗ್ಗೆ ಒಂದೇ ಮಾತು. ಅದೂ 'ಪಯಟಿ'ಯೂ, ಅಂದರೆ ಮರುಕವೂ ಭಕ್ತಿಯೂ, ಮೊದಲು ಒಂದೇ ಪದ. ದೇವರಿಗೆ, ಹೆತ್ತವರಿಗೆ, ನಾಡಿಗೆ ಸಲ್ಲಿಸಬೇಕಾದ ಋಣ ಎಂದು. ಪಿಟಿ ಮೇಲಿನಿಂದ ಕೆಳಕ್ಕೆ ನೋಡತೊಡಗಿದಾಗ ಪದ ಕೆಟ್ಟಿತು. ಪಿಟಿಫುಲ್ ಎಂದರೆ ಕರುಣೆ ತುಂಬಿದವನು ಎಂದಿದ್ದದ್ದು ಕರುಣೆಗೆ ತಕ್ಕವನು ಎಂದಾಯಿತು. ಈಗ ಅದು ಬೈಗುಳ. ನಾನು ಕಂಡುಕೊಂಡದ್ದು ಇಷ್ಟೇ: ಕೊಡುವ ಕೈ ತುಂಬಾ ಎತ್ತರಕ್ಕೆ ಹೋದಲ್ಲಿ ದಯೆಯ ಪದಗಳು ಹಳಸಿವೆ. ಪಕ್ಕದಲ್ಲಿ ಕೂತವರ ನಡುವೆ ಓಡಾಡಿಕೊಂಡಿದ್ದ ಕೈಂಡ್ ಹಳಸಲಿಲ್ಲ.

ಪಕ್ಕದಲ್ಲಿ ಕೂರುವ ಇನ್ನೆರಡು ಪದಗಳಿವೆ. 'ಕಂಪ್ಯಾಷನ್' ಎಂದರೆ ಜೊತೆಯಲ್ಲಿ ನೋಯುವುದು. 'ಎಂಪಥಿ' ಎಂದರೆ ಎಲ್ಲರೂ ಹಳೆಯ ಗ್ರೀಕ್ ಪದ ಅಂದುಕೊಳ್ಳುತ್ತಾರೆ. ಗ್ರೀಕ್ ತುಂಡುಗಳಿಂದ ಕಟ್ಟಿದ್ದು ನಿಜ, ಆದರೆ ಇಂಗ್ಲಿಷಿಗೆ ಬಂದದ್ದು 1909ರಲ್ಲಿ. ಎಡ್ವರ್ಡ್ ಟಿಚನರ್ ಎಂಬ ಮನಶ್ಶಾಸ್ತ್ರಜ್ಞ ಜರ್ಮನ್ನಿನ 'ಐನ್‌ಫ್ಯೂಲುಂಗ್' ಎಂಬ ಪದಕ್ಕೆ ಅದನ್ನು ಮಾಡಿಕೊಂಡ. ಒಳಹೊಕ್ಕು ಅನುಭವಿಸುವುದು ಎಂದು ಅರ್ಥ. ಆಗ ಅದು ಮನುಷ್ಯರ ಕಷ್ಟದ ಮಾತಾಗಿರಲಿಲ್ಲ. ಚಿತ್ರವನ್ನೋ ಶಿಲ್ಪವನ್ನೋ ನೋಡುವಾಗ ನಮ್ಮ ಮೈಮನಸ್ಸು ಅದರೊಳಗೆ ಹೋಗುವ ಬಗೆಗೆ ಇಟ್ಟ ಹೆಸರು. ಕಲ್ಲಿನ ಕಂಬ ಭಾರ ಹೊತ್ತಿರುವುದನ್ನು ನೋಡಿ ನಮ್ಮ ಹೆಗಲು ಬಿಗಿಯಾಗುತ್ತದಲ್ಲ, ಅದು. ಕಲ್ಲಿನಿಂದ ಮನುಷ್ಯನಿಗೆ ಅದು ಬಂದದ್ದು ಆಮೇಲೆ.

ನಾವು ಬಳಸುವ ಅನುಕಂಪ ಇದಕ್ಕಿಂತ ಹಳೆಯದು, ನನ್ನ ಮಟ್ಟಿಗೆ ಇದಕ್ಕಿಂತ ನಿಖರವಾದದ್ದು. ಕಂಪ ಎಂದರೆ ನಡುಕ, ಭೂಕಂಪದಲ್ಲಿ ಇರುವ ಕಂಪ. ಅನು ಎಂದರೆ ಜೊತೆಗೆ, ಹಿಂದೆಯೇ. ಒಬ್ಬರು ನಡುಗಿದಾಗ ಇನ್ನೊಬ್ಬರೂ ನಡುಗುವುದು ಅನುಕಂಪ.

ಹೋದ ವರ್ಷ ಪಕ್ಕದ ಮನೆಯ ಹುಡುಗಿಯ ಜೊತೆ ಒಂದು ಸರ್ಕಾರಿ ಕಚೇರಿಗೆ ಹೋಗಿದ್ದೆ. ಅವಳಪ್ಪ ಡ್ರೈವರ್ ಆಗಿದ್ದವರು, ಸರ್ವೀಸಿನಲ್ಲಿರುವಾಗಲೇ ತೀರಿಕೊಂಡರು. ಅರ್ಜಿಯ ಮೇಲೆ 'ವಿಷಯ: ಅನುಕಂಪದ ಆಧಾರದ ಮೇಲೆ ನೌಕರಿ ಕೋರಿ' ಎಂದು ಅವಳೇ ಗುಂಡಗೆ ಬರೆದಿದ್ದಳು. ಇಂಗ್ಲಿಷಿನ 'ಕಂಪ್ಯಾಷನೇಟ್ ಗ್ರೌಂಡ್ಸ್' ನಮ್ಮ ಕಚೇರಿಗಳಲ್ಲಿ ತೊಟ್ಟ ವೇಷ ಇದು. ಲಗತ್ತುಗಳ ಪಟ್ಟಿ ಓದಿದೆ. ಮರಣ ಪ್ರಮಾಣಪತ್ರ, ಅಂಕಪಟ್ಟಿ, ತಾಯಿಯ ಒಪ್ಪಿಗೆ ಪತ್ರ, ವಂಶವೃಕ್ಷ. ವಂಶವೃಕ್ಷ ಎಂಬಲ್ಲಿ ನನ್ನ ಕಣ್ಣು ನಿಂತಿತು. ಕಿನ್ ಯಾರೆಂದು ತೋರಿಸಿದರೆ ಮಾತ್ರ ಇಲ್ಲಿ ಕೈಂಡ್ ಸಿಗುತ್ತದೆ. ಸಾವಿರ ವರ್ಷದ ಹಿಂದಿನ ಗಂಟು ಆ ಫೈಲಿನಲ್ಲಿ ಹಾಗೇ ಇತ್ತು.

ವಂಶವೃಕ್ಷ ಎಂದರೆ ಒಂದು ಹಾಳೆ. ಮೇಲೆ ಅಜ್ಜನ ಹೆಸರು, ಅದರಿಂದ ಕೆಳಗೆ ಗೆರೆ, ಗೆರೆಯ ಕೆಳಗೆ ಅಪ್ಪನ ಹೆಸರು, ಅದರ ಮುಂದೆ 'ಮೃತ'. ಕೆಳಗೆ ಅವಳು, ಅವಳ ತಮ್ಮ. ಹಾಳೆ ಕೊಡುವಾಗ ಅವಳ ಹೆಬ್ಬೆರಳು ಆ 'ಮೃತ' ಎಂಬ ಪದದ ಮೇಲೆಯೇ ಇತ್ತು. ಕೇಸ್ ವರ್ಕರ್ ವಯಸ್ಸಾದವರು. ಹಾಳೆ ತೆಗೆದುಕೊಂಡು ಹೆಸರು ಓದಿದರು. ಕನ್ನಡಕ ತೆಗೆದು ಅವಳ ಮುಖ ನೋಡಿದರು. "ನೀನು ಅವರ ಮಗಳೇನಮ್ಮಾ? ಇದೇ ಕಿಟಕಿ ಹತ್ರ ಗಾಡಿ ನಿಲ್ಸೋರು. ಕೂತ್ಕೋ" ಎಂದರು. ಅವಳು ಕೂತಳು. ಅವರು ಹಾಳೆಗಳನ್ನು ಜೋಡಿಸಿ, ಮೂಲೆಯಲ್ಲಿ ತೂತು ಹಾಕಿ, ಟ್ಯಾಗ್ ದಾರ ಪೋಣಿಸಲು ಹೋದರು. ದಾರದ ತುದಿ ಮೊದಲ ಸಲ ತೂತಿನ ಪಕ್ಕಕ್ಕೆ ಹೋಯಿತು. ಎರಡನೇ ಸಲವೂ ಹೋಗಲಿಲ್ಲ. ಹುಡುಗಿ ಎದ್ದು ಹೋಗಿ ಹಾಳೆಗಳನ್ನು ಗಟ್ಟಿಯಾಗಿ ಹಿಡಿದುಕೊಂಡಳು.